ಕಡಲ ತಳದ ತೊಟ್ಟಿಲು

ಕಲಘಟಗಿ ಅಂದ ಕೂಡಲೇ ಎಲ್ಲರಿಗೂ ಮೊದಲು ನೆನಪಾಗೋದು ತೊಟ್ಟಿಲು. ಅರಗಿನ ಬಣ್ಣ ಹಚ್ಚಿ, ರಾಮಾಯಣ ಮಹಾಭಾರತದ ಚಿತ್ರ ಬರೆದ ಕಟ್ಟಿಗೆಯ ತೊಟ್ಟಿಲು. ತವರಿನಿಂದ ಇಂಥದೊಂದು ತೊಟ್ಟಿಲು ಬಂದರೆ ಹೆಣ್ಣುಮಕ್ಕಳಿಗೆ ಎಷ್ಟು ಹಿಗ್ಗು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಈ ಸಲ ನಾನು ಬರೆಯಹೊರಟಿರುವುದು ಬೇರೆಯೇ ಒಂದು ತೊಟ್ಟಿಲ ವಿಷಯ. ಅದನ್ನು ಯಾವ ಚಿತ್ರಗಾರನೂ ಮಾಡಿದ್ದಲ್ಲ. ಸಮುದ್ರದ ತಳದಲ್ಲಿ ಬಾಳುವ ಒಂದು ಬಡಪಾಯಿ ಮೀನು, ಅದೂ ಶಾರ್ಕ್ ಜಾತಿಯ ಮೀನು, ತನ್ನ ಹೊಟ್ಟೆಯೊಳಗೇ ಮಾಡಿಕೊಳ್ಳುವ ತೊಟ್ಟಿಲು.

ಶಾರ್ಕ್ ಎಂದೊಡನೆ ಬೆಚ್ಚಿ ಬೀಳಬೇಡಿರಿ. ಮನುಷ್ಯರನ್ನು ನುಂಗುವ ಸಿನಿಮಾದ ಶಾರ್ಕ್ ಇದಲ್ಲ. ನಮ್ಮ ಮನೆ ಬೆಕ್ಕಿಗಿಂತ ಬಡವ ಇದು.

ಕಳೆದ ವರ್ಷ ಮಗಳ ಬಾಣಂತನಕ್ಕೆಂದು ಕಾರವಾರಕ್ಕೆ ಹೋಗಿದ್ದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಿತ್ತು. ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ನಾನೇ ಹೊರಟೆ. ತೊಟ್ಟಿಲ ಕಟ್ಟಿಗೆಗಳನ್ನು ಬಿಚ್ಚಿ, ಹಳೇ ಸೀರೆಯಲ್ಲಿ ಸುತ್ತಿ, ಗೋಣಿಚೀಲದಲ್ಲಿ ಕಟ್ಟಿ, ಯಲ್ಲಾಪುರದ ಘಟ್ಟ ಇಳಿದು ಅಂಕೋಲಾ ಮೇಲೆ ಕಾರವಾರ ಮುಟ್ಟಿದೆ. ಹೆರಿಗೆ ಸುಖವಾಗಿ ಆಯಿತು. ಗಂಡು ಮಗು.

ಬೀಗರ ಕಡೆ ಮೀನು ಬಾಣಂತಿಗೆ ಒಳ್ಳೆಯದು ಅನ್ನುತ್ತಾರೆ. ಅದರಲ್ಲೂ ಮೋರಿ ತಿಂದರೆ ಎದೆಹಾಲು ಹೆಚ್ಚುತ್ತದೆ ಎಂಬ ನಂಬಿಕೆ. ಮೋರಿ ಅಂದ್ರ ನಮ್ಮ ಬಚ್ಚಲಮೋರಿ ಅಲ್ರೀ! ಕೊಂಕಣಿಯಲ್ಲಿ ಶಾರ್ಕ್ ಮೀನಿಗೆ ಮೋರಿ ಅಂತಾರೆ. "ನೀವೇ ಹೋಗಿ ಒಳ್ಳೆ ಮೋರಿ ನೋಡಿ ತನ್ನಿ" ಎಂದು ಬೀಗತಿ ಕಳಿಸಿದರು. ನಾನೂ ಚೀಲ ಹಿಡಿದು ಮೀನುಪೇಟೆಗೆ ಹೋದೆ.

ಒಬ್ಬಾಕೆಯ ಬುಟ್ಟಿಯಲ್ಲಿ ಒಂದೂವರೆ ಮೊಳದಷ್ಟು ಉದ್ದದ, ಬೂದು ಕಂದು ಬಣ್ಣದ ಒಂದು ಮೀನಿತ್ತು. ಹಾವಿನ ಹಾಗೆ ಸಪೂರ. ಉಳಿದ ಮೀನುಗಳೆಲ್ಲ ಸತ್ತು ಬಿದ್ದಿದ್ದರೂ ಇದು ಇನ್ನೂ ಬಾಲ ಅಲ್ಲಾಡಿಸುತ್ತಿತ್ತು. "ಬೆಳಿಗ್ಗೆ ಬಲೆಗೆ ಬಂದದ್ದು, ಇದರ ಜೀವ ಗಟ್ಟಿ" ಅಂದಳಾಕೆ. ಚೌಕಾಶಿ ಮಾಡಿ ಕೊಂಡೆ. ಆಕೆ ಕತ್ತಿ ಹಾಕಿ ಹೊಟ್ಟೆ ಸೀಳಿದಳು. ಒಳಗಿನಿಂದ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ, ಚಪ್ಪಟೆಯಾದ, ಕಂದು ಬಣ್ಣದ ಎರಡು ಚೀಲಗಳು ಬಂದವು. ಮುಟ್ಟಿದರೆ ಒದ್ದೆ ತೊಗಲಿನ ಹಾಗೆ.

"ಇದೇನವ್ವಾ?" ಎಂದೆ.

"ಇದರ ಪಿಳ್ಳೆಯ ತೊಟ್ಟಿಲು" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಬಾಣಂತಿಗೆಂದು ಬಸಿರಿಯನ್ನೇ ಕೊಯ್ಯಿಸಿದೆನಲ್ಲಾ ಎಂದು ಮನಸ್ಸು ಚುಚ್ಚಿತು. ಆ ಎರಡು ಚೀಲಗಳನ್ನೂ ಕಾಗದದಲ್ಲಿ ಸುತ್ತಿಕೊಂಡು ಮನೆಗೆ ತಂದೆ.

ಬಿದಿರು ಶಾರ್ಕ್

ಬೀಗರ ಪಕ್ಕದ ಮನೆಯ ಹುಡುಗಿಯೊಬ್ಬಳು ಕೋಡಿಬಾಗದಲ್ಲಿ ಓದುತ್ತಾಳೆ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇರುವುದು ಅಲ್ಲಿ, ಕಾರವಾರದ ಕಾಳಿ ನದಿಯ ಬಳಿ. ಬಯಲುಸೀಮೆಯ ವಿಶ್ವವಿದ್ಯಾಲಯಕ್ಕೆ ಸಮುದ್ರದಂಡೆಯಲ್ಲಿ ಒಂದು ಮನೆ ಇದೆ ಅನ್ನೋದು ನನಗೆ ಅಂದೇ ತಿಳಿದದ್ದು! ಆ ಹುಡುಗಿ ಚೀಲ ನೋಡಿದವಳೇ, "ಆಂಟಿ, ಇದು ಬಿದಿರು ಶಾರ್ಕಿನ ಮೊಟ್ಟೆ" ಎಂದಳು. ಆ ಮೇಲೆ ನಾನು ಊರಿಗೆ ಮರಳುವ ತನಕ ದಿನವೂ ಒಂದಿಷ್ಟು ಕೇಳುವುದು, ಅವಳು ಪುಸ್ತಕ ತಂದು ತೋರಿಸುವುದು. ಹಾಗೆ ಕಲಿತದ್ದನ್ನು ನಿಮಗೆ ಹೇಳುತ್ತೇನೆ.

ಬಿದಿರು ಶಾರ್ಕುಗಳಲ್ಲಿ ಹಲವು ಜಾತಿಗಳಿವೆ. ನಮ್ಮ ಕರಾವಳಿಯಲ್ಲಿ ಬಲೆಗೆ ಬೀಳುವ ಬೂದು ಬಿದಿರು ಶಾರ್ಕಿಗೆ 1838ರಲ್ಲಿ ಜರ್ಮನಿಯ ಮ್ಯೂಲರ್ ಮತ್ತು ಹೆನ್ಲೆ ಎಂಬಿಬ್ಬರು ವಿಜ್ಞಾನಿಗಳು ಶಾಸ್ತ್ರೀಯ ಹೆಸರಿಟ್ಟರು: ಕೈಲೋಸಿಲಿಯಂ ಗ್ರಿಸಿಯಂ. ನಾಲಿಗೆ ತಿರುಗದಿದ್ದರೆ ಬಿಡಿ, ಬಿದಿರು ಶಾರ್ಕ್ ಎಂದೇ ಕರೆಯೋಣ. ಮರಿಯಾಗಿದ್ದಾಗ ಇದರ ಮೈಮೇಲೆ ಕಪ್ಪು ಅಡ್ಡಪಟ್ಟಿಗಳು, ಥೇಟ್ ಬಿದಿರ ಗೆಣ್ಣುಗಳ ಹಾಗೆ. ಬೆಳೆಯುತ್ತ ಪಟ್ಟಿ ಮಾಸಿ ಮೈಯೆಲ್ಲ ಒಂದೇ ಬಣ್ಣವಾಗುತ್ತದೆ. ಎಷ್ಟು ಬೆಳೆದರೂ ಮುಕ್ಕಾಲು ಮೀಟರಿನ ಆಸುಪಾಸು. ಹೊಟ್ಟೆಗಿಂತ ಬಾಲವೇ ಉದ್ದ. ಬೆನ್ನಮೇಲೆ ಎರಡು ದುಂಡನೆಯ ರೆಕ್ಕೆ. ಮೂಗಿನ ಬಳಿ ಎರಡು ಸಣ್ಣ ಮೀಸೆ. ಎಲ್ಲ ಶಾರ್ಕುಗಳಂತೆ ಇದರ ಮೈಯಲ್ಲೂ ಎಲುಬು ಇಲ್ಲ. ನಮ್ಮ ಕಿವಿಯ ಹಾಳೆಯಲ್ಲಿರುವಂಥ ಮೆತ್ತನೆಯ ಮೃದ್ವಸ್ಥಿ ಅಷ್ಟೇ.

ಇದರ ಬಳಗ ಕೇಳಿದರೆ ನೀವು ಬೆರಗಾಗುತ್ತೀರಿ. ಜಗತ್ತಿನ ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕ್ ಇದೇ ಗಣಕ್ಕೆ ಸೇರಿದ್ದು. ದೊಡ್ಡಪ್ಪನದು ಬಸ್ಸಿನಷ್ಟು ಮೈ, ಇದರದು ಬಸ್ಸಿನಲ್ಲಿ ಕೈಚೀಲದೊಳಗೆ ಹಿಡಿಸುವಷ್ಟು!

ಕಡಲ ತಳದ ಸಂಸಾರ

ಎತ್ತರದ ಅಲೆಗಳಲ್ಲಿ ಓಡಾಡುವುದು ಇದಕ್ಕೆ ಸೇರದು. ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿ, ಬಂಡೆ, ಹವಳ, ಮರಳು, ರಾಡಿ ಇರುವ ತಳವೇ ಇದರ ಮನೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿ ದ್ವೀಪದ ಹೆಸರು ನೀವು ಕೇಳಿರಬಹುದು. ಅದರ ಸುತ್ತ ಹವಳಗಳಿವೆ, ಬಂಡೆಗಳ ಸಂದುಗಳಿವೆ. ಈಗ ಪ್ರವಾಸಿಗಳು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅಲ್ಲಿ ಮುಳುಗಿ ನೋಡುತ್ತಾರೆ. ಅಂಥ ಸಂದುಗಳೇ ಬಿದಿರು ಶಾರ್ಕಿಗೆ ಹಗಲಿನ ಮಲಗುವ ಕೋಣೆ. ಹಗಲೆಲ್ಲ ತಲೆ ಒಳಗೆ ತೂರಿಸಿ, ಬಾಲ ಹೊರಗೆ ಬಿಟ್ಟು, ಅಲ್ಲಾಡದೆ ಬಿದ್ದಿರುತ್ತದೆ. ಕತ್ತಲಾದ ಮೇಲೆ ಹೊರಬಿದ್ದು ಬೇಟೆಗೆ ಹೊರಡುತ್ತದೆ.

ಬೇಟೆ ಎಂದರೆ ಏನು? ಸಿಗಡಿ, ಏಡಿ, ಹುಳ, ಸಣ್ಣ ಮೀನು. ಓಡಿಸಿಕೊಂಡು ಹೋಗುವ ತಾಕತ್ತು ಇದಕ್ಕಿಲ್ಲ. ಎದೆಯ ಮತ್ತು ಹೊಟ್ಟೆಯ ರೆಕ್ಕೆಗಳನ್ನು ನೆಲಕ್ಕೆ ಊರಿ, ಅಂಬೆಗಾಲಿಡುವ ಕೂಸಿನ ಹಾಗೆ ತಳದ ಮೇಲೆ ತೆವಳುತ್ತದೆ. ಮೂಗಿನ ಮೀಸೆಯಿಂದ ಮರಳು ತಡವುತ್ತದೆ. ಇಷ್ಟೇ ಅಲ್ಲ, ಇದರ ಮೂತಿಯ ಮೇಲೆ ಜಿಗುಟು ಲೋಳೆ ತುಂಬಿದ ಸಣ್ಣ ಸಣ್ಣ ರಂಧ್ರಗಳಿವೆ. ಜೀವವಿರುವ ಪ್ರಾಣಿಯ ಮೈಯಿಂದ ಹೊರಡುವ ಅತಿ ಸೂಕ್ಷ್ಮ ವಿದ್ಯುತ್ತು ಆ ರಂಧ್ರಗಳಿಗೆ ತಿಳಿಯುತ್ತದೆ. ಮರಳಿನಲ್ಲಿ ಹುದುಗಿ ಕೂತ ಸಿಗಡಿಯನ್ನು ಕಣ್ಣಿನಿಂದ ನೋಡದೆಯೇ ಕಂಡುಹಿಡಿಯುತ್ತದೆ! ಆಮೇಲೆ ಸಣ್ಣ ಬಾಯಿ ತೆರೆದು ಸರ್ರನೆ ನೀರಿನ ಸಮೇತ ಹೀರಿಬಿಡುತ್ತದೆ, ನಾವು ಸಾರು ಸುರಿಯುವ ಹಾಗೆ.

ನುಂಗುವುದರಲ್ಲೂ ಒಂದು ಚಮತ್ಕಾರವಿದೆ. ಬಾಯೊಳಗೆ ತುತ್ತನ್ನು ಹಿಂದಕ್ಕೆ ತಳ್ಳಲು ನಮಗೆ ನಾಲಿಗೆ ಇದೆ. ಶಾರ್ಕಿಗೆ ನಮ್ಮಂಥ ನಾಲಿಗೆ ಇಲ್ಲ. ಇದರ ಸಂಬಂಧಿಯಾದ ಬಿಳಿಚುಕ್ಕೆಯ ಬಿದಿರು ಶಾರ್ಕ್ ತುತ್ತನ್ನು ಗಂಟಲಿಗೆ ಎಳೆದುಕೊಳ್ಳಲು ಭುಜದ ಮೃದ್ವಸ್ಥಿಯನ್ನು ಹಿಂದಕ್ಕೆ ಜಗ್ಗುತ್ತದೆ ಎಂದು ಅಮೇರಿಕದ ವಿಜ್ಞಾನಿಗಳು ಕ್ಷಕಿರಣದ ಚಿತ್ರ ತೆಗೆದು 2017ರಲ್ಲಿ ತೋರಿಸಿಕೊಟ್ಟರು.

ಇನ್ನು ಉಸಿರಾಟ. ಬಾಯಿಯನ್ನು ಮರಳಿಗೆ ಒತ್ತಿಕೊಂಡು ಮಲಗಿದರೆ ನೀರು ಒಳಗೆ ಹೋಗೋದು ಹೇಗೆ? ಅದಕ್ಕೆ ದೇವರು ಕಣ್ಣಿನ ಕೆಳಗೆ ಒಂದೊಂದು ಕಿಂಡಿ ಇಟ್ಟಿದ್ದಾನೆ. ಅಲ್ಲಿಂದಲೂ ನೀರು ಎಳೆದುಕೊಂಡು ಕಿವಿರಿನಿಂದ ಬಿಡುತ್ತದೆ. ಕೆಲವು ದೊಡ್ಡ ಶಾರ್ಕುಗಳು ಸದಾ ಈಜುತ್ತಲೇ ಇರಬೇಕು, ನಿಂತರೆ ಉಸಿರು ಕಟ್ಟುತ್ತದೆ. ಇದು ಹಾಗಲ್ಲ, ಇದ್ದಲ್ಲೇ ನೆಮ್ಮದಿ. ಬಿದಿರು ಶಾರ್ಕುಗಳು ನೀರಿನಿಂದ ಹೊರಗೆ ಬಿದ್ದರೂ ಗಂಟೆಗಟ್ಟಲೆ ಜೀವ ಹಿಡಿದಿರುತ್ತವೆ. ನಾನು ಪೇಟೆಯಲ್ಲಿ ಕಂಡದ್ದು ಅದನ್ನೇ.

ಮನುಷ್ಯರಿಗೆ ಇದರಿಂದ ತೊಂದರೆ ಇಲ್ಲ. ಬಿದಿರು ಶಾರ್ಕುಗಳನ್ನು ಎಷ್ಟೋ ದೇಶಗಳಲ್ಲಿ ಗಾಜಿನ ತೊಟ್ಟಿಯಲ್ಲಿಟ್ಟು ಸಾಕುತ್ತಾರೆ.

ತೊಟ್ಟಿಲ ಒಳಗೆ

ಆ ರಾತ್ರಿ ಕೂಸು ಮಲಗಿದ ಮೇಲೆ ಹುಡುಗಿ ಬಂದಳು. ಕೋಣೆಯ ದೀಪ ಆರಿಸಿ, ಒಂದು ಚೀಲದ ಹಿಂದೆ ಟಾರ್ಚ್ ಹಿಡಿದಳು. ಕಂದು ಚರ್ಮ ಜೇನಿನ ಬಣ್ಣಕ್ಕೆ ತಿರುಗಿತು. ಒಳಗೆ ದುಂಡನೆಯ ಹಳದಿ ಭಂಡಾರ ಕಂಡಿತು, ಕೋಳಿಮೊಟ್ಟೆಯ ಹಾಗೆ. ಮರಿಯ ಆಕಾರ ಇನ್ನೂ ಕಟ್ಟಿರಲಿಲ್ಲ. ಮಗಳೂ ಹಾಸಿಗೆಯ ಮೇಲೆ ಎದ್ದು ಕೂತು ನೋಡಿದಳು. ಯಾರೂ ಮಾತಾಡಲಿಲ್ಲ.

ತಾಯಿಮೀನು ಸಾಮಾನ್ಯವಾಗಿ ಒಂದು ಸಲಕ್ಕೆ ಇಡುವುದು ಎರಡು ಮೊಟ್ಟೆ. ಬಂಗಡೆ, ತಾರ್ಲೆಗಳು ಸಾವಿರಗಟ್ಟಲೆ ತತ್ತಿ ನೀರಿಗೆ ಚೆಲ್ಲಿ ಮುಂದೆ ಹೋಗುತ್ತವೆ. ಬದುಕಿದ್ದು ಬದುಕಲಿ, ಸತ್ತದ್ದು ಸಾಯಲಿ ಎಂಬ ಲೆಕ್ಕ. ಬಿದಿರು ಶಾರ್ಕಿನ ಲೆಕ್ಕ ಬೇರೆ. ಕಡಿಮೆ ಮಕ್ಕಳು, ಆದರೆ ಒಂದೊಂದಕ್ಕೂ ಬುತ್ತಿ ಕಟ್ಟಿ, ಗಟ್ಟಿ ತೊಟ್ಟಿಲು ಮಾಡಿ ಕೊಡುವುದು. ಚೀಲದ ಅಂಚಿನಲ್ಲಿ ಕೂದಲಿನಂಥ ಜಿಗುಟು ಎಳೆಗಳಿರುತ್ತವೆ. ಅವು ಬಂಡೆಗೋ ಕಡಲ ಗಿಡಕ್ಕೋ ಸುತ್ತಿಕೊಂಡು ತೊಟ್ಟಿಲನ್ನು ಹಿಡಿದಿಡುತ್ತವೆ. ನಾವು ಜಂತಿಗೆ ಹಗ್ಗ ಬಿಗಿದು ತೂಗು ಹಾಕಿದಂತೆಯೇ ನೋಡ್ರಿ.

ಅಷ್ಟು ಮಾಡಿ ತಾಯಿ ಹೊರಟುಹೋಗುತ್ತದೆ. ಕಾವು ಇಲ್ಲ, ಕಾವಲೂ ಇಲ್ಲ. ಒಳಗಿನ ಕೂಸಿಗೆ ಹೊಕ್ಕುಳಬಳ್ಳಿಯಂಥ ನಾಳದಿಂದ ಹಳದಿ ಭಂಡಾರವೇ ಅನ್ನ. ಕೆಲವು ವಾರಗಳಾದ ಮೇಲೆ ಚೀಲದ ಅಂಚಿನಲ್ಲಿ ಸಣ್ಣ ಸೀಳುಗಳು ತಾವಾಗಿ ತೆರೆದುಕೊಳ್ಳುತ್ತವೆ. ಕೂಸು ಬಾಲ ಆಡಿಸುತ್ತ ಹೊಸ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅಂದರೆ ತೊಟ್ಟಿಲು ತೂಗುವವರಿಲ್ಲದೆ, ತನಗೆ ತಾನೇ ಗಾಳಿ ಬೀಸಿಕೊಳ್ಳುವ ಕೂಸು ಇದು!

ಆ ಸೀಳುಗಳಿಂದ ವಾಸನೆ, ಅಲುಗಾಟ ಹೊರಗೆ ಹೋಗಿ ಶತ್ರುವಿಗೆ ಸುಳಿವು ಸಿಗುತ್ತದಲ್ಲ ಎಂದು ಕೇಳಿದೆ. ಅದಕ್ಕೂ ಕೂಸಿನ ಹತ್ತಿರ ಉಪಾಯವಿದೆ. 2013ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಕಂದುಪಟ್ಟಿಯ ಬಿದಿರು ಶಾರ್ಕಿನ ಮೊಟ್ಟೆಗಳ ಬಳಿ ಬೇಟೆಗಾರ ಮೀನಿನದರಂಥ ಸಣ್ಣ ವಿದ್ಯುತ್ತು ಹರಿಸಿ ನೋಡಿದರು. ಬಲಿತ ಕೂಸುಗಳು ಬಾಲ ಸುತ್ತಿಕೊಂಡು, ಕಿವಿರು ಆಡಿಸುವುದನ್ನೂ ನಿಲ್ಲಿಸಿ, ಉಸಿರು ಬಿಗಿಹಿಡಿದು ಸ್ತಬ್ಧವಾಗಿಬಿಟ್ಟವು. ಹುಟ್ಟುವ ಮೊದಲೇ ಇಷ್ಟು ಬುದ್ಧಿ!

ಬಿಳಿಚುಕ್ಕೆಯ ಬಿದಿರು ಶಾರ್ಕಿನ ಮೊಟ್ಟೆ ಸಾಕುತೊಟ್ಟಿಗಳಲ್ಲಿ ಮರಿಯಾಗಲು ಸುಮಾರು ನಾಲ್ಕು ತಿಂಗಳು ಬೇಕು. ನೀರು ಬೆಚ್ಚಗಿದ್ದರೆ ಬೇಗ, ತಣ್ಣಗಿದ್ದರೆ ತಡ. ನಮ್ಮ ಬೂದು ಬಿದಿರು ಶಾರ್ಕಿನ ಮರಿ ಹೊರಗೆ ಬಂದಾಗ ನಮ್ಮ ನಡುಬೆರಳಿಗಿಂತ ಒಂದಿಷ್ಟು ಉದ್ದ. ಅವತ್ತಿನಿಂದಲೇ ತನ್ನ ಅನ್ನ ತಾನು ದುಡಿದುಕೊಳ್ಳಬೇಕು.

ಗಂಡಿಲ್ಲದ ಮನೆಯಲ್ಲೂ ಮಕ್ಕಳು

ಇನ್ನೊಂದು ವಿಚಿತ್ರ ಕೇಳಿರಿ. ಅಮೇರಿಕದ ಡೆಟ್ರಾಯಿಟ್ ನಗರದಲ್ಲಿ ಬೆಲ್ ಐಲ್ ಎಂಬ ಮತ್ಸ್ಯಾಲಯವಿದೆ. ಅಲ್ಲಿ ವರ್ಷಗಟ್ಟಲೆ ಗಂಡಿನ ಮುಖ ಕಾಣದ ಒಂದು ಬಿಳಿಚುಕ್ಕೆಯ ಹೆಣ್ಣು ಬಿದಿರು ಶಾರ್ಕ್ ಮೊಟ್ಟೆ ಇಡುತ್ತಿತ್ತು. ಕೋಳಿ ಬಂಜೆ ಮೊಟ್ಟೆ ಇಟ್ಟಂತೆ ಎಂದು ತಿಳಿದು ಅವನ್ನು ಎಸೆಯುವುದೇ ವಾಡಿಕೆ. 2002ರಲ್ಲಿ ಅವನ್ನು ಎಸೆಯದೆ ಇಟ್ಟು ನೋಡಿದರೆ ಮರಿಗಳು ಹೊರಬಂದವು! ಅವಕ್ಕೆ ತಂದೆಯೇ ಇಲ್ಲ ಎಂದು ಡಿಎನ್‌ಎ ಪರೀಕ್ಷೆಯಿಂದ ಖಚಿತವಾದದ್ದನ್ನು ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದರು. ಕ್ಯಾಲಿಫೋರ್ನಿಯದಲ್ಲಿ ಇನ್ನೊಂದು ಜಾತಿಯ ಹೆಣ್ಣು, ಗಂಡಿನ ಬೀಜವನ್ನು ತನ್ನ ದೇಹದಲ್ಲಿ 45 ತಿಂಗಳು ಕಾಪಾಡಿಕೊಂಡು ಆಮೇಲೆ ಮರಿ ಹಾಕಿದ್ದು 2015ರಲ್ಲಿ ವರದಿಯಾಯಿತು.

ಇಷ್ಟೆಲ್ಲ ಓದಿ ಹೇಳಿದ ಹುಡುಗಿ, "ನೋಡಿ ಆಂಟಿ, ವಂಶ ಉಳಿಸಲು ಇದು ಮಾಡದ ಸಾಹಸವಿಲ್ಲ. ಆದರೂ ಕಡಿಮೆಯಾಗುತ್ತಿದೆ" ಎಂದಳು.

ಯಾಕೆ ಕಡಿಮೆಯಾಗುತ್ತಿದೆ?

ಯಾರೂ ಬಿದಿರು ಶಾರ್ಕ್ ಹಿಡಿಯಬೇಕೆಂದೇ ದೋಣಿ ಇಳಿಸುವುದಿಲ್ಲ. ಸಿಗಡಿಗೆಂದು ಟ್ರಾಲರ್ ದೋಣಿಗಳು ದೊಡ್ಡ ಬಲೆಯನ್ನು ಸಮುದ್ರದ ತಳಕ್ಕೆ ತಾಗಿಸಿ ಎಳೆಯುತ್ತವೆ. ಅಂಗಳ ಗುಡಿಸಿದಂತೆ ತಳದಲ್ಲಿದ್ದದ್ದೆಲ್ಲ ಬಲೆಗೆ ಬರುತ್ತದೆ. ತಾಯಿಯೂ ಬಂತು, ಮರಿಯೂ ಬಂತು, ಬಂಡೆಗೆ ಕಟ್ಟಿದ ತೊಟ್ಟಿಲೂ ಕಿತ್ತು ಬಂತು. ವೇಗವಾಗಿ ಈಜುವ ಮೀನು ತಪ್ಪಿಸಿಕೊಂಡೀತು. ಇದ್ದಲ್ಲೇ ಮಲಗುವ ಇದು ಎಲ್ಲಿಗೆ ಓಡೀತು? ಬೆಲೆಯೂ ಹೆಚ್ಚೇನಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2020ರ ಅಂದಾಜಿನಲ್ಲಿ ಬೂದು ಬಿದಿರು ಶಾರ್ಕನ್ನು ಅಪಾಯಕ್ಕೆ ಸಿಲುಕಿದ ಜೀವಿಗಳ ಪಟ್ಟಿಗೆ ಸೇರಿಸಿದೆ.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ದೊಡ್ಡಪ್ಪ ತಿಮಿಂಗಿಲ ಶಾರ್ಕಿಗೆ 2001ರಿಂದಲೇ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ಶಾರ್ಕಿನ ರೆಕ್ಕೆ ಮಾತ್ರ ಕತ್ತರಿಸಿಕೊಂಡು ಮೈಯನ್ನು ಸಮುದ್ರಕ್ಕೆ ಎಸೆಯುವುದನ್ನು ನಮ್ಮ ಸರ್ಕಾರ 2013ರಲ್ಲಿ ನಿಷೇಧಿಸಿತು. 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತನ್ನೂ ನಿಲ್ಲಿಸಿತು. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ಇದರಿಂದ ಎಲ್ಲ ಮೀನಿಗೂ ಉಪಕಾರವೇ. ಆದರೆ ನಾಲ್ಕು ತಿಂಗಳು ತೂಗಬೇಕಾದ ತೊಟ್ಟಿಲಿಗೆ ಎರಡು ತಿಂಗಳ ರಜೆ ಸಾಕೇ? ಲೆಕ್ಕ ನೀವೇ ಹಾಕಿರಿ.

ಮೀನುಗಾರರನ್ನು ಬೈಯುವುದು ಸುಲಭ. ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರದೂ ಹೊಟ್ಟೆಪಾಡು. ದುಡ್ಡು ಕೊಟ್ಟು ಕೊಂಡವಳು ನಾನೇ ಅಲ್ಲವೇ?

ನಾವು ಮಾಡಬಹುದಾದದ್ದು

ಮೊದಲನೆಯದು ಬಾಣಂತಿಯರ ವಿಷಯ. ಮೋರಿ ತಿಂದರೆ ಹಾಲು ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕೂಸಿಗೆ ಪದೇ ಪದೇ ಎದೆ ಹಾಲು ಕುಡಿಸುವುದು, ಬಾಣಂತಿಗೆ ಹೊಟ್ಟೆತುಂಬ ಊಟ, ಬೇಕಾದಷ್ಟು ನೀರು, ವಿಶ್ರಾಂತಿ, ನೆಮ್ಮದಿ, ಇವುಗಳಿಂದ ಹಾಲು ಬರುತ್ತದೆ. ಅದಲ್ಲದೆ ಶಾರ್ಕ್ ಜಾತಿಯ ಮೀನುಗಳ ಮಾಂಸದಲ್ಲಿ ಪಾದರಸ ಸೇರಿಕೊಂಡಿರುತ್ತದೆ. ಸಣ್ಣ ಮೀನನ್ನು ದೊಡ್ಡ ಮೀನು ತಿಂದು ತಿಂದು ಅದು ಮೇಲಕ್ಕೆ ಏರುತ್ತದೆ. ಕೂಸಿನ ಮೆದುಳಿಗೆ ಅದು ಒಳ್ಳೆಯದಲ್ಲ. ಅದಕ್ಕೇ ಅಮೇರಿಕದ ಆಹಾರ ಇಲಾಖೆ ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಸಣ್ಣ ಮಕ್ಕಳು ಶಾರ್ಕ್ ತಿನ್ನಬಾರದು ಎಂದು ಸಲಹೆ ಕೊಡುತ್ತದೆ. ಬಿದಿರು ಶಾರ್ಕ್ ಸಣ್ಣದಿರಬಹುದು. ಆದರೆ ಪೇಟೆಯಲ್ಲಿ ತುಂಡು ಮಾಡಿಟ್ಟ ಮೋರಿ, ಅಥವಾ ಘಟ್ಟ ಹತ್ತಿ ನಮ್ಮ ಸಂತೆಗೆ ಬರುವ ಒಣಮೀನು, ಯಾವ ಜಾತಿಯದು, ಎಷ್ಟು ದೊಡ್ಡದು ಅಂತ ಹೇಗೆ ಗೊತ್ತಾಗಬೇಕು? ಮೀನು ಉಣ್ಣುವವರು ಬಾಣಂತಿಗೆ ತಾರ್ಲೆ, ಬಂಗಡೆಯಂಥ ಸಣ್ಣ ಮೀನು ಕೊಡಿರಿ. ಉಣ್ಣದವರಿಗೆ ನಮ್ಮ ಅಳ್ವಿ ಪಾಯಸ, ಅಂಟಿನ ಉಂಡಿ, ಸಬ್ಬಸಿಗೆ ಪಲ್ಯ ಇದ್ದೇ ಇವೆ.

ಎರಡನೆಯದು, ಸಮುದ್ರದಂಡೆಗೆ ಹೋದಾಗ. ಮಕ್ಕಳು ಇಂಥ ಕಂದು ಚೀಲ ಹೆಕ್ಕಿ ತಂದರೆ ಬೆಳಕಿಗೆ ಹಿಡಿದು ನೋಡಿರಿ. ಹಗುರವಾಗಿದ್ದು ತುದಿ ಬಾಯಿ ತೆರೆದಿದ್ದರೆ ಮರಿ ಹೋಗಿಯಾಗಿದೆ, ಬೇಕಾದರೆ ಮನೆಗೆ ತನ್ನಿರಿ. ತೂಕವಿದ್ದು ಒಳಗೆ ಹಳದಿಯೋ ಅಲುಗಾಟವೋ ಕಂಡರೆ, ಅಲೆ ಎಳೆದು ತರದಂಥ ಕಲ್ಲಿನ ಸಂದಿನಲ್ಲಿ, ನೀರೊಳಗೆ ಮರಳಿ ಇಟ್ಟುಬನ್ನಿರಿ.

ಮೂರನೆಯದು ನಮ್ಮೂರಿನಲ್ಲೇ ಮಾಡುವಂಥದು. ಕಲಘಟಗಿಗೂ ಸಮುದ್ರಕ್ಕೂ ಏನು ಸಂಬಂಧ ಅನ್ನಬೇಡಿರಿ. ನಮ್ಮ ತಾಲೂಕಿನ ನೀರು ಬೇಡ್ತಿ ಹೊಳೆ ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು ಅಂಕೋಲಾ ತಾಲೂಕಿನಲ್ಲಿ ಸಮುದ್ರ ಕೂಡುತ್ತದೆ. ನಾವು ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ ಚೀಲ, ಹೊಲಕ್ಕೆ ಹೊಡೆದು ತೊಳೆದ ಔಷಧದ ಡಬ್ಬಿ, ಎಲ್ಲವೂ ಆ ದಾರಿ ಹಿಡಿದೇ ಹೋಗುತ್ತವೆ. ತಳದಲ್ಲಿ ಬಾಳುವವರ ಪಾಲಿಗೆ ಬರುವುದು ಮೇಲಿನವರು ಚೆಲ್ಲಿದ್ದೇ.

ಆ ಎರಡು ಚೀಲಗಳ ಗತಿ ಏನಾಯಿತು ಎಂದು ನಿಮಗೆ ಅನಿಸಿರಬಹುದು. ಮರುದಿನ ಬೆಳಿಗ್ಗೆ ಹುಡುಗಿಯ ಜೊತೆ ಹೋಗಿ, ಇಳಿತದ ಹೊತ್ತಿನಲ್ಲಿ, ಬಂಡೆಯ ಸಂದಿನ ನೀರಿನಲ್ಲಿ ಎರಡನ್ನೂ ಇಟ್ಟು ಬಂದೆ. "ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಆಂಟಿ" ಅಂದಳು ಹುಡುಗಿ. ಆಗಲಿ ಅಂದೆ. ಕೊಂಡು ತಂದ ಮೀನನ್ನು ಬೀಗರ ಮನೆಯಲ್ಲಿ ಅಡಿಗೆ ಮಾಡಿದರು, ಎಸೆಯುವುದು ಇನ್ನೂ ದೊಡ್ಡ ಪಾಪ ಅಂತ. ಮಗಳು ಮಾತ್ರ ತಿನ್ನಲಿಲ್ಲ. ಅಳ್ವಿ ಪಾಯಸ ಕುಡಿದು ಮಲಗಿದಳು.

ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿದೆವು. ಬೀಗತಿ ನಮ್ಮೂರ ಚಿತ್ರದ ಕೆಲಸ ನೋಡಿ ಮೆಚ್ಚಿದರು. ನಾನು ತೊಟ್ಟಿಲ ಹಗ್ಗ ಜಂತಿಗೆ ಬಿಗಿಯುವಾಗ ಮತ್ತೊಮ್ಮೆ ಗಂಟು ಜಗ್ಗಿ ನೋಡಿದೆ.